ಅಜ್ಜಿಯ ಮೊಬೈಲಿನ ವಿಡಿಯೊ ಮತ್ತು ಶಾಲೆಗೆ ಹೋಗಲೊಲ್ಲದ ಹುಡುಗಿ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿರುವ ಈ ಪ್ರಕರಣದ ಬಾಲಕಿ ಗದಗ-ಬೆಟಗೇರಿಯವಳು, ಎರಡನೆಯ ತರಗತಿಯವಳು. ಓಣಿಯಲ್ಲಿ ಆಡುವುದನ್ನು ಬಿಟ್ಟಿದ್ದಾಳೆ, ಶಾಲೆಯ ಗೇಟಿನ ಬಳಿ ಸೆರಗು ಹಿಡಿದು ಅಳುತ್ತಾಳೆ, ರಾತ್ರಿ ಬೆಚ್ಚಿ ಏಳುತ್ತಾಳೆ ಎಂದು ಸಲಹೆಗಾಗಿ ನನ್ನ ಬಳಿ ಬಂದ ತಾಯಿ ಹೇಳಿದರು. ಯಾರಾದರೂ ಹೆದರಿಸಿದ್ದುಂಟೇ, ಮೈ ಮುಟ್ಟಿದ್ದುಂಟೇ ಎಂದು ಮೊದಲು ವಿಚಾರಿಸಿದೆ; ಅಂಥದ್ದೇನೂ ಕಾಣಲಿಲ್ಲ. ಚಿತ್ರ ಬರೆಯಲು ಹಾಳೆ ಕೊಟ್ಟಾಗ ಅವಳು ಬರೆದದ್ದು ಒಂದು ಬೈಕು, ಅದರ ಮೇಲೆ ಇಬ್ಬರು ಗಂಡಸರು, ನಡುವೆ ಒಂದು ಕೂಸು. ಅಜ್ಜಿಯ ವಾಟ್ಸಾಪ್‌ಗೆ ಬಂದಿದ್ದ ಮಕ್ಕಳ ಕಳ್ಳರ ವಿಡಿಯೊವನ್ನು ಅವಳು ಮತ್ತೆ ಮತ್ತೆ ನೋಡಿದ್ದಳು.

ಹಿರಿಯರನ್ನಷ್ಟೇ ಕೂರಿಸಿಕೊಂಡು 2018ರ ಸಂಗತಿಯನ್ನು ನೆನಪಿಸಿದೆ. ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಕರಾಚಿಯಲ್ಲಿ ತಯಾರಾದ ಕಿರುಚಿತ್ರದಲ್ಲಿ ಮಗುವನ್ನು ಎತ್ತಿಕೊಂಡು ಹೋದ ಬೈಕಿನವರೇ ಅದನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಕತ್ತರಿಸಿದ ತುಣುಕು ನಮ್ಮ ದೇಶದಲ್ಲೆಲ್ಲ ಹರಿದಾಡಿತು. ಅದೇ ವರ್ಷದ ಜುಲೈನಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಜೀವ ತೆತ್ತರು. "ಹುಡುಗ್ರು ಹುಷಾರಿರ್ಲಿ ಅಂತ ತೋರಿಸಿದ್ನಿರಿ" ಎಂದರು ಅಜ್ಜಿ. ಅವರ ಕಾಳಜಿಯನ್ನು ಹಳಿಯುವಂತಿರಲಿಲ್ಲ. ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಐದಕ್ಕೂ ಕಡಿಮೆಯಿಲ್ಲದಷ್ಟು ಕೈ ದಾಟಿ ಬಂದದ್ದೆಂದು ತಿಳಿದು, ಮಗುವಿನ ಮುಂದೆ ತೆರೆಯದಿರಲು ಅವರು ಒಪ್ಪಿದರು.

"ಅದೆಲ್ಲಾ ಸುಳ್ಳು" ಎಂದು ತಂದೆ ಆಗಲೇ ಗದರಿ ನೋಡಿದ್ದರು. ಕಣ್ಣಾರೆ ಕಂಡದ್ದನ್ನು ಏಳು ವರ್ಷದ ಮಗು ಬರೀ ಮಾತಿಗೆ ಬಿಟ್ಟುಕೊಡುವುದಿಲ್ಲ. ವಿಡಿಯೊ ಎಂಬುದನ್ನು ಯಾರೋ ತೆಗೆಯುತ್ತಾರೆ, ಎಲ್ಲಿ ಶುರುಮಾಡಿ ಎಲ್ಲಿ ನಿಲ್ಲಿಸಬೇಕೆಂದು ಅವರೇ ಗೊತ್ತುಮಾಡುತ್ತಾರೆ ಎಂಬುದು ಅದರ ಕೈಗೇ ತಿಳಿಯಬೇಕು. ಆದ್ದರಿಂದ ಮನೆಯಲ್ಲಿಯೇ ಒಂದು ವಿಡಿಯೊ ಮಾಡಲು ಸೂಚಿಸಿದೆ: ಸೋದರಮಾವ ಅವಳ ತಮ್ಮನನ್ನು ಎತ್ತಿಕೊಂಡು ಬಾಗಿಲಾಚೆ ಓಡಬೇಕು, ನಗುತ್ತ ಮರಳಬೇಕು, ಮೊಬೈಲು ಹುಡುಗಿಯ ಕೈಯಲ್ಲಿರಬೇಕು. ಒಮ್ಮೆ ಬಾಗಿಲ ತನಕ, ಇನ್ನೊಮ್ಮೆ ಪೂರ್ತಿ. ಮೊದಲನೆಯದನ್ನು ಅಜ್ಜಿಗೆ ತೋರಿಸಿ, "ಆಮ್ಯಾಲೆ ಏನಾತು ಹೇಳು?" ಎಂದು ಅವಳೇ ಕೇಳಲಿ ಎಂದೆ. ಈ ಆಟ ಅವಳಿಗೆ ಎಷ್ಟು ಹಿಡಿಸಿತೆಂದರೆ, ಟಿವಿಯ ಬಿಸ್ಕತ್ತಿನ ಜಾಹೀರಾತಿಗೂ ಅದೇ ಪ್ರಶ್ನೆ ಹಾಕತೊಡಗಿದಳಂತೆ.

ಇದರಿಂದ ಅಪರಿಚಿತರ ಬಗೆಗಿನ ಎಚ್ಚರ ಸಡಿಲವಾಗಬಾರದು. ಗೊತ್ತಿಲ್ಲದವರು ಕರೆದರೆ ಹೋಗದಿರುವುದನ್ನೂ 1098 ಮಕ್ಕಳ ಸಹಾಯವಾಣಿಯನ್ನೂ ಬೇರೆಯಾಗಿ, ಭಯದ ಚಿತ್ರಗಳಿಲ್ಲದೆ ಕಲಿಸಲು ಹೇಳಿದ್ದೇನೆ. ಅವಳೀಗ ಶಾಲೆಗೆ ಹೋಗುತ್ತಿದ್ದಾಳೆ, ಆದರೆ ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಹೀಗೇ ಮುಂದುವರಿದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತೋರಿಸಬೇಕೆಂದು ತಾಯಿಗೆ ತಿಳಿಸಿದ್ದೇನೆ.