ಆ ಹೊಟ್ಟೆ ಯಾಕೆ ಊದಿತು?

ನಮಸ್ಕಾರ.

ನೀವು ಪ್ರಕಟಣೆಗೆ ಕಳಿಸಿದ ‘ಅಂಡಾಶಯದ ಕ್ಯಾನ್ಸರ್: ರಕ್ತ ಕುಡಿಯುವ ಜೀನ್’ ಲೇಖನ ಓದಿದೆ. ಕಷ್ಟದ ವಿಷಯಕ್ಕೆ ಕೈ ಹಾಕಿದ್ದೀರಿ, ಭಾಷೆ ಸರಾಗವಾಗಿದೆ. ಸಂತೋಷ. ಆದರೆ ಓದಿ ಮುಗಿಸುವಾಗ ನನಗೆ ಸಿಟ್ಟು ಬಂದಿತ್ತು.

ನಿಮ್ಮ ಮೊದಲ ಪ್ಯಾರಾದಲ್ಲಿ ಒಬ್ಬ ಹೆಂಗಸು ಬರುತ್ತಾರೆ. ಎರಡು ತುತ್ತಿಗೇ ಊಟ ಸಾಕಾಗುತ್ತದೆ. ಗ್ಯಾಸ್ ಇರಬೇಕು ಅಂತ ಮಾತ್ರೆ ನುಂಗುತ್ತಾರೆ. ಹೊಟ್ಟೆ ಊದುತ್ತಲೇ ಹೋಗುತ್ತದೆ. ಎರಡನೇ ಪ್ಯಾರಾಕ್ಕೆ ಅವರು ಮಾಯ! ಹೊಟ್ಟೆ ಯಾಕೆ ಊದಿತು ಅಂತ ಕೊನೆಯವರೆಗೂ ನೀವು ಹೇಳಲೇ ಇಲ್ಲ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಒಬ್ಬ ಹಿರಿಯರಿದ್ದರು. ಆರೋಗ್ಯ ಪುಟದ ಬರಹಗಳನ್ನು ನಮ್ಮಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದರು. ಎಲೆಅಡಿಕೆ ಜಗಿಯುತ್ತಾ, ಕಣ್ಣು ಮುಚ್ಚಿ ಕೇಳುವುದು. ಮಧ್ಯೆ ಒಂದೇ ಪ್ರಶ್ನೆ: ‘ಯಾಕಯ್ಯಾ?’ ಕಾಮಾಲೆ ಬಂದರೆ ಕಣ್ಣು ಹಳದಿ ಆಗುತ್ತದೆ ಅಂತ ಗೆಳೆಯನೊಬ್ಬ ಬರೆದಿದ್ದ. ‘ಹಳದಿಯೇ ಯಾಕೆ, ಹಸಿರು ಯಾಕಲ್ಲ?’ ಅಂದರು. ಅವನು ಮೆಡಿಕಲ್ ಕಾಲೇಜಿನ ಲೈಬ್ರರಿಗೆ ಹೋಗಿ ಓದಿಕೊಂಡು ಬರುವವರೆಗೂ ಆ ಲೇಖನ ಅಚ್ಚಿಗೆ ಹೋಗಲಿಲ್ಲ. ನಮಗೆಲ್ಲ ಅವರನ್ನು ಕಂಡರೆ ಮೈ ಉರಿಯುತ್ತಿತ್ತು, ಬಿಡಿ.

ನಿಮ್ಮ ಲೇಖನಕ್ಕೂ ಅದೇ ಪ್ರಶ್ನೆ. ಉತ್ತರ ನಿಮ್ಮ ಕೈಯಲ್ಲೇ ಇತ್ತು. ವಿಇಜಿಎಫ್ ಪ್ರೋಟೀನ್ ಹೆಸರು ಮತ್ತೆ ಮತ್ತೆ ಬರೆದಿದ್ದೀರಿ, ಪ್ರತಿ ಸಲವೂ ‘ಹೊಸ ರಕ್ತನಾಳ ಬೆಳೆಸುತ್ತದೆ’ ಅಂತಷ್ಟೇ. ಅದು ಅರ್ಧ ಕತೆ. 1983ರಲ್ಲಿ ಅಮೆರಿಕದ ಡೊನಾಲ್ಡ್ ಸೆಂಗರ್, ಹೆರಾಲ್ಡ್ ಡ್ವೊರಾಕ್ ಮತ್ತು ಜೊತೆಯವರು ಗೆಡ್ಡೆಯ ಕೋಶಗಳಿಂದ ಬರುವ ಒಂದು ಪ್ರೋಟೀನ್ ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ ಅಂತ ತೋರಿಸಿದರು. 1989ರಲ್ಲಿ ನೆಪೋಲಿಯೋನ್ ಫೆರಾರ ತಂಡ ರಕ್ತನಾಳ ಬೆಳೆಸುವ ಪ್ರೋಟೀನ್ ಒಂದನ್ನು ಗುರುತಿಸಿತು. ನೋಡಿದರೆ ಎರಡೂ ಒಂದೇ! ಬೆಳೆಸುವುದೂ ಅದೇ, ಸೋರಿಸುವುದೂ ಅದೇ. ಆ ಹೆಂಗಸಿನ ಹೊಟ್ಟೆಯಲ್ಲಿ ತುಂಬಿದ್ದು ಹಾಗೆ ಸೋರಿದ ನೀರು. ಅದು ಹೊರಗೆ ಹರಿದುಹೋಗುವ ದಾರಿಯನ್ನೂ ಕ್ಯಾನ್ಸರ್ ಕೋಶಗಳು ಕಟ್ಟಿಹಾಕುತ್ತವೆ. ಇಷ್ಟು ಹೇಳಿದ್ದರೆ ನಿಮ್ಮ ಮೊದಲ ಪ್ಯಾರಾಕ್ಕೆ ಬೆಲೆ ಬರುತ್ತಿತ್ತು.

ಇನ್ನು ಈ ಸಾಲು: ‘ಆಗ ದುಷ್ಟ ಜೀನ್ ಹುಟ್ಟಿಕೊಂಡು ರಕ್ತನಾಳಗಳನ್ನು ತನ್ನತ್ತ ಸೆಳೆಯುತ್ತದೆ.’ ಯಾವ ಜೀನೂ ಹುಟ್ಟಿಕೊಳ್ಳುವುದಿಲ್ಲ. ವಿಇಜಿಎಫ್ ಜೀನ್ ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಗಾಯ ಮಾಯಲು ಅದು ಬೇಕು. ಆರೋಗ್ಯವಾಗಿರುವ ಅಂಡಾಶಯದಲ್ಲೂ ಪ್ರತಿ ತಿಂಗಳು ಅಂಡ ಹೊರಬಿದ್ದ ಮೇಲೆ ಹೊಸ ರಕ್ತನಾಳಗಳು ಬೆಳೆಯುತ್ತವೆ. ಗೆಡ್ಡೆ ಒಂದೆರಡು ಮಿಲಿಮೀಟರ್ ದಾಟಿದರೆ ಒಳಗಿನ ಕೋಶಗಳಿಗೆ ಆಮ್ಲಜನಕ ಸಾಲದು. ಮಾಮೂಲಾಗಿ ಕೂಡಲೇ ನಾಶವಾಗುವ ಎಚ್‌ಐಎಫ್ ಎಂಬ ಪ್ರೋಟೀನ್ ಆಗ ಉಳಿದುಕೊಳ್ಳುತ್ತದೆ. ಅದು ಕೋಶಕೇಂದ್ರಕ್ಕೆ ಹೋಗಿ ವಿಇಜಿಎಫ್ ಜೀನ್ ಜಾಸ್ತಿ ಕೆಲಸ ಮಾಡುವಂತೆ ಮಾಡುತ್ತದೆ. ಜೀನ್ ಅದೇ, ಅದರಿಂದ ತಯಾರಾಗುವ ಪ್ರಮಾಣ ಬೇರೆ. ನಿಮ್ಮ ವಿಷಯವೇ ಇದು, ಅಲ್ವಾ? ಸುಮ್ನೆ ಒಬ್ಬ ಖಳನಾಯಕನನ್ನು ತಂದು ನಿಲ್ಲಿಸಿದಿರಿ.

ಕೊನೆಯ ಸಾಲು ಇನ್ನೂ ಕೆಟ್ಟದ್ದು. ‘ಬೆವಾಸಿಜುಮ್ಯಾಬ್ ರಕ್ತನಾಳ ಕತ್ತರಿಸುತ್ತದೆ, ಕ್ಯಾನ್ಸರ್ ಹಸಿದು ಸಾಯುತ್ತದೆ.’ ಬೆವಾಸಿಜುಮ್ಯಾಬ್ ಅಂದರೆ ವಿಇಜಿಎಫ್ ಪ್ರೋಟೀನನ್ನು ತಡೆಯುವ ಔಷಧಿ. ನಿಮ್ಮ ಈ ಸಾಲನ್ನು ಓದುವವರಲ್ಲಿ ರೋಗಿಯ ಮಗಳೂ ಇರುತ್ತಾಳೆ. 2011ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಕೀಮೋ ಜೊತೆ ಈ ಔಷಧಿ ಕೊಟ್ಟು, ಆಮೇಲೂ ಮುಂದುವರಿಸಿದಾಗ, ರೋಗ ಮತ್ತೆ ಬೆಳೆಯುವ ಮುಂಚಿನ ಅವಧಿ ಸುಮಾರು 10 ತಿಂಗಳಿಂದ 14ಕ್ಕೆ ಏರಿತು. ಒಟ್ಟು ಬದುಕಿದ ಕಾಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಿಪಿ ಏರಬಹುದು, ಅಪರೂಪಕ್ಕೆ ಕರುಳು ತೂತಾಗಬಹುದು. ಆ ನಾಲ್ಕು ತಿಂಗಳು ಸಣ್ಣದಲ್ಲ. ಅದು ಎಷ್ಟೋ ಅಷ್ಟನ್ನೇ ಬರೆಯಿರಿ.

ಶೀರ್ಷಿಕೆಯನ್ನು ಮಾತ್ರ ನಾನೇ ಬದಲಿಸುತ್ತೇನೆ. ತಿದ್ದಿದ್ದನ್ನು ಒಬ್ಬ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ, ಆಮೇಲೆ ಕಳಿಸಿ.