"ನೀನು ಮಗಳಿದ್ದ ಹಾಗೆ" ಅನ್ನುವ ಅಜ್ಜಿಯ ಹತ್ತಿರ ರಜೆ, ಸಂಬಳದ ಮಾತು ಎತ್ತಿದರೆ ಸಂಬಂಧ ಕೆಡುತ್ತಾ?

ಸಂಬಳಕ್ಕೆ ಒಬ್ಬ ಅಜ್ಜಿಯ ಜೊತೆಗಿರುತ್ತೀರಿ, ಅವರ ಎಟಿಎಂ ಕಾರ್ಡೂ ನಿಮ್ಮ ಕೈಯಲ್ಲೇ ಇದೆ, ಅವರಿಗೆ ಒಬ್ಬ ಮಗಳಿದ್ದಾಳೆ ಅಂತ ಬರೆದಿದ್ದೀರಿ. ನಿಮ್ಮ ಪ್ರಶ್ನೆ ಓದಿದ ಕೂಡಲೇ ದಾವಣಗೆರೆಯ ಪಿ.ಜೆ. ಬಡಾವಣೆಯ ಆ ಮನೆ ಕಣ್ಣ ಮುಂದೆ ಬಂತು. ಅಲ್ಲಿ ನಾನೂ ಒಬ್ಬ ಅಜ್ಜಿಗೆ ಜೊತೆಗಿದ್ದೆ, ಸಂಬಳಕ್ಕೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರು. ಅಡುಗೆಗೆ, ಕಸ ಮುಸುರೆಗೆ ಬೇರೆಯವರಿದ್ದರು. ಪೇಪರ್ ಓದಿ ಹೇಳುವುದು, ಚೌಕಾಬಾರ ಆಡುವುದು, ಸಂಜೆ ಕೈ ಹಿಡಿದು ವಾಕಿಂಗ್ ಕರೆದುಕೊಂಡು ಹೋಗುವುದು, ಮಾತ್ರೆ ತರುವುದು ನನ್ನ ಕೆಲಸ. ತಿಂಗಳಿಗೆ 11,000.

ಮೊದಲ ಆರು ತಿಂಗಳು ಒಂದು ನೋಟ್‌ಬುಕ್ ಇಟ್ಟಿದ್ದೆ. ಹೂವಿಗೆ ಇಪ್ಪತ್ತು, ಆಟೋಗೆ ಐವತ್ತು, ಎಲ್ಲಾ ಬರೆಯುತ್ತಿದ್ದೆ. ಒಂದು ದಿನ ಅಜ್ಜಿ ಅದನ್ನು ಮುಚ್ಚಿಸಿದರು. "ಮಗಳು ಯಾರಾದ್ರೂ ಲೆಕ್ಕ ಬರೀತಾಳೇನವ್ವ?" ಅಂದರು. ನನಗೆ ನಾಚಿಕೆಯಾಯಿತು, ನಿಜ ಹೇಳಬೇಕೆಂದರೆ ಖುಷಿಯೂ ಆಯಿತು. ಬರೆಯೋದು ಬಿಟ್ಟೆ.

ನನ್ನ ತಪ್ಪು ಅದೇ. ಅಜ್ಜಿಯ ಎಟಿಎಂ ಕಾರ್ಡು ಮುಟ್ಟಿದ್ದು ಆಮೇಲಿನ ಮಾತು. ಕಾರ್ಡು, ಪಿನ್ ಬೇರೆಯವರ ಕೈಗೆ ಕೊಡಬಾರದು ಅಂತ ಬ್ಯಾಂಕಿನವರು ಎಷ್ಟು ಸಲ ಹೇಳುತ್ತಾರೆ, ನನಗೂ ಗೊತ್ತಿತ್ತು. ಆದರೆ ಲೆಕ್ಕದ ಪುಸ್ತಕ ಇದ್ದಿದ್ದರೆ ಕಾರ್ಡು ತೆಗೆದುಕೊಳ್ಳುವಾಗ ಕೈ ತಡೆಯುತ್ತಿತ್ತು. ಪುಸ್ತಕ ಹೋದ ಮೇಲೆ ಯಾವುದೂ ತಡೆಯಲಿಲ್ಲ. ಆರು ಗಂಟೆ ಎಂಟಾಯಿತು. ಭಾನುವಾರದ ರಜೆ ಹೋಯಿತು. ಕೇಳಲು ಬಾಯಿ ಬರಲಿಲ್ಲ. ಮಗಳು ರಜೆ ಕೇಳುತ್ತಾಳಾ?

ಆ ವರ್ಷ ನಮ್ಮೂರ ದೇವತೆ ದುಗ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬಾ ನೆಂಟರು. ಸೀರೆ, ಬಳೆ, ಉಡಿ ತುಂಬುವ ಸಾಮಾನು, ಬಂದವರ ಮಕ್ಕಳ ಕೈಗೆ ಕಾಸು. ಮೂರು ಸಲ ದುಡ್ಡು ತೆಗೆದು ಕೊಟ್ಟೆ, ಒಟ್ಟು 25,000. ಬ್ಯಾಂಕಿನ ಮೆಸೇಜ್ ಹೋಗುತ್ತಿದ್ದದ್ದು ಬೆಂಗಳೂರಿನಲ್ಲಿದ್ದ ಮಗನ ಫೋನಿಗೆ. ಯುಗಾದಿಗೆ ಬಂದವರು ಲೆಕ್ಕ ಕೇಳಿದರು. ನೆನಪು ಮಾಡಿಕೊಂಡು 16,500ಕ್ಕೆ ಹೇಳಿದೆ. ಉಳಿದ 8,500ಕ್ಕೆ ಹೇಳಲಾಗಲಿಲ್ಲ. ಅಜ್ಜಿ ಸೆರಗಿನ ತುದಿ ಹಿಡಿದು ಕೂತಿದ್ದರು. "ನನಗೇನೂ ನೆನಪಿಲ್ಲಪ್ಪ" ಅಂದರು. ಅವರು ಸುಳ್ಳು ಹೇಳಲಿಲ್ಲ. ಎಂಬತ್ತೆರಡು ವರ್ಷ, ನಿಜವಾಗಿಯೂ ನೆನಪಿರಲಿಲ್ಲ. ಮಗನ ಮೇಲೂ ನನಗೆ ಸಿಟ್ಟಿಲ್ಲ. ದೂರದಲ್ಲಿದ್ದವರಿಗೆ ಕಾಣುವುದು ಮೆಸೇಜ್ ಮಾತ್ರ ಅಲ್ವಾ? ಮಾರನೇ ದಿನದಿಂದ ಹೋಗಲಿಲ್ಲ. ಆ ದುಡ್ಡು ಎಲ್ಲಿ ಹೋಯಿತು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೇಳಿದರೆ ಕೆಡುತ್ತೆ ಅಂತ ಹೆದರುತ್ತಿದ್ದೀರಿ. ನನ್ನದು ಕೆಟ್ಟಿದ್ದು ಕೇಳದೆ ಇದ್ದಿದ್ದಕ್ಕೆ. ನೀವು ಅವರ ಮಗಳಲ್ಲ. ಆ ಅಜ್ಜಿಗೆ ಮಗಳಿದ್ದಾಳೆ ಅಂತ ನೀವೇ ಬರೆದಿದ್ದೀರಿ. ಸಂಬಳ ಕೇಳುವುದರಲ್ಲಿ ನಾಚಿಕೆ ಏನು? ನಮ್ಮ ರಾಜ್ಯದಲ್ಲಿ ಮನೆಗೆಲಸಕ್ಕೂ 2004ರಲ್ಲೇ ಕನಿಷ್ಠ ಕೂಲಿ ಗೊತ್ತುಮಾಡಿದ್ದಾರೆ.

ಈಗ ವಿದ್ಯಾನಗರದಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರ ಮನೆಗೆ ಹೋಗುತ್ತೇನೆ. ಅವರು ನನ್ನನ್ನು ಹೆಸರು ಹಿಡಿದು "ಬನ್ನಿ" ಅಂತಾರೆ. ನಾನು ಬಾಗಿಲು ತಟ್ಟದೆ ಅವರ ರೂಮಿಗೆ ಹೋಗುವುದಿಲ್ಲ. ಅವರ ಫೋನ್ ಮುಟ್ಟುವುದಿಲ್ಲ. ಅವರು ಸೊಸೆಯ ಬಗ್ಗೆ ಬೇಜಾರಿನಲ್ಲಿ ಹೇಳಿದ್ದು ನನ್ನ ಗಂಡನಿಗೂ ಗೊತ್ತಿಲ್ಲ. ಬ್ಯಾಂಕಿಗೆ ಅವರನ್ನೇ ಆಟೋದಲ್ಲಿ ಕೂರಿಸಿಕೊಂಡು ಹೋಗುತ್ತೇನೆ, ಒಂದು ಗಂಟೆ ಜಾಸ್ತಿ ಹಿಡಿದರೂ ಸರಿ. ಆರಕ್ಕೆ ಐದು ನಿಮಿಷ ಇರುವಾಗ ಅವರೇ ಕನ್ನಡಕ ಹಾಕಿಕೊಂಡು ಲೆಕ್ಕದ ಪುಸ್ತಕ ಕೇಳುತ್ತಾರೆ, ಕೂಡಿ ನೋಡಿ ಸಹಿ ಹಾಕುತ್ತಾರೆ. ಹೋದ ತಿಂಗಳು ನಾನು ನಾಲ್ಕು ರೂಪಾಯಿ ತಪ್ಪಾಗಿ ಕೂಡಿದ್ದೆ. ಕೆಂಪು ಪೆನ್ನಿನಲ್ಲಿ ತಿದ್ದಿದರು.

ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಸಮಯ, ರಜೆ, ಸಂಬಳ ಮೂರನ್ನೂ ಅಜ್ಜಿಯ ಕೈಯಲ್ಲೇ ಬರೆಸಿ. ಅವರ ಮಗಳೂ ಮುಂದೆ ಕೂತಿರಲಿ. ಬರೆಯುವ ಮೊದಲು ಆ ಕಾರ್ಡು ವಾಪಸ್ ಕೊಡಿ.