ಕಟ್ಟೆಗೆ ಕಟ್ಟಿದ ಹಡಗಿಗೆ ಕ್ಷಿಪಣಿ ಏಟು: ನಿಮ್ಮ ಪ್ರಶ್ನೆ, ಮಾಜಿ ನಾವಿಕನ ಉತ್ತರ

(ನೌಕಾಪಡೆಯ ಎಂಜಿನ್ ರೂಮಿನಲ್ಲಿ ದುಡಿದು, ನಿವೃತ್ತಿಯಾಗಿ ದಾವಣಗೆರೆಯಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನಡುಸಮುದ್ರದಲ್ಲಿ ಹಡಗಿಗೆ ಅಪಾಯ ಅಂದ್ರೆ ಅರ್ಥವಾಗುತ್ತದೆ. ಆದರೆ ಉಕ್ರೇನ್ ಯುದ್ಧದಲ್ಲಿ ರಷ್ಯಾದ ಎಷ್ಟೋ ಯುದ್ಧನೌಕೆಗಳು ಬಂದರಿನಲ್ಲೇ ಕ್ಷಿಪಣಿಗೆ ಸಿಕ್ಕಿದವಂತೆ. ಸುತ್ತ ಅಷ್ಟೊಂದು ಕಾವಲು ಇಟ್ಟುಕೊಂಡೂ ಹೇಗೆ?
– ಕಾಲೇಜು ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ಉತ್ತರ: ಎಲ್ಲರೂ ಹೀಗೇ ಅಂದುಕೊಳ್ಳುತ್ತಾರಮ್ಮ. ನಿಜ ಹೇಳಬೇಕೆಂದರೆ, ಹಡಗು ಬಂದರಿನ ಕಟ್ಟೆಗೆ ಬಂದಾಗಲೇ ನಮ್ಮಂಥ ಎಂಜಿನ್ ರೂಮಿನವರಿಗೆ ಜಾಸ್ತಿ ಭಯ.

ಓಡುವ ಹಡಗನ್ನು ಮೊದಲು ಹುಡುಕಬೇಕು. ಕ್ಷಿಪಣಿ ತಲುಪುವಷ್ಟರಲ್ಲಿ ಅದು ಎಲ್ಲಿರುತ್ತದೆ ಅಂತ ಲೆಕ್ಕ ಹಾಕಬೇಕು. ಕಟ್ಟಿ ನಿಲ್ಲಿಸಿದ ಹಡಗಿಗೆ ಇದ್ಯಾವುದೂ ಬೇಡ. ಉಪಗ್ರಹದ ಒಂದು ಫೋಟೋ ಸಾಕು. ಸೇತುವೆಗೋ ಗೋದಾಮಿಗೋ ಹೊಡೆಯುವ ಕ್ಷಿಪಣಿಯೇ ಇಲ್ಲೂ ಕೆಲಸ ಮುಗಿಸುತ್ತದೆ.

ಬೆರ್ದಿಯಾನ್ಸ್ಕ್ ನೋಡಿ. ಅಜೋವ್ ಸಮುದ್ರದ ಈ ಬಂದರನ್ನು ರಷ್ಯಾ ಆಗಷ್ಟೇ ಹಿಡಿದಿತ್ತು. ಸೈನಿಕರನ್ನೂ ಟ್ಯಾಂಕುಗಳನ್ನೂ ದಡಕ್ಕಿಳಿಸುವ ದೊಡ್ಡ ಲ್ಯಾಂಡಿಂಗ್ ಹಡಗೊಂದು ಅಲ್ಲಿ ಸಾಮಾನು ಇಳಿಸುವುದನ್ನು ರಷ್ಯಾದ ಟಿವಿಯೇ ಹೆಮ್ಮೆಯಿಂದ ತೋರಿಸಿತು. ಡಂಗುರ ಹೊಡೆದು ವಿಳಾಸ ಕೊಟ್ಟಂತಾಯಿತು, ಅಲ್ವಾ? ಕೆಲವೇ ದಿನಗಳಲ್ಲಿ, 2022ರ ಮಾರ್ಚ್ 24ರ ಬೆಳಿಗ್ಗೆ, ಸರಾತೋವ್ ಎಂಬ ಹಡಗು ಕಟ್ಟೆಯಲ್ಲೇ ಹೊತ್ತಿ ಉರಿದು ಮುಳುಗಿತು. 1966ರಲ್ಲಿ ಸೇವೆಗೆ ಸೇರಿದ ಮುದಿ ಹಡಗು ಅದು. ಪಕ್ಕದಲ್ಲಿದ್ದ ಸೀಸರ್ ಕುನಿಕೋವ್, ನೊವೊಚೆರ್ಕಾಸ್ಕ್ ಪೆಟ್ಟು ತಿಂದು ಹೊರಗೆ ಓಡಿದವು. ಓಡಿ ಉಳಿದವೇ? ನೊವೊಚೆರ್ಕಾಸ್ಕ್ 2023ರ ಡಿಸೆಂಬರ್ 26ರಂದು ಫಿಯೊದೋಸಿಯಾ ಬಂದರಿನಲ್ಲಿ ಕ್ಷಿಪಣಿಗೆ ಸಿಕ್ಕಿ ಸಿಡಿಯಿತು. ಕುನಿಕೋವ್ 2024ರ ಫೆಬ್ರವರಿ 14ರಂದು ಸಮುದ್ರದ ಡ್ರೋನ್‌ಗಳಿಗೆ, ಅಂದರೆ ಸಿಡಿಮದ್ದು ತುಂಬಿದ ಆಳಿಲ್ಲದ ದೋಣಿಗಳಿಗೆ, ಬಲಿಯಾಯಿತು. ಒಂದೇ ಕಟ್ಟೆಯಲ್ಲಿ ನಿಂತಿದ್ದ ಮೂರೂ ಹೋದವು.

ಲ್ಯಾಂಡಿಂಗ್ ಹಡಗಿನ ಹೊಟ್ಟೆಯಲ್ಲಿ ಇರುವುದೇ ಮದ್ದುಗುಂಡು, ಇಂಧನ, ಟ್ಯಾಂಕು. ಹೊರಗಿನಿಂದ ಬಂದ ಕ್ಷಿಪಣಿ ಬರೀ ಕಡ್ಡಿ ಗೀರುತ್ತದೆ. ಉರಿಯುವುದು ಒಳಗಿನ ಸರಕು.

ಇನ್ನು ರಿಪೇರಿಗೆ ಡ್ರೈಡಾಕ್, ಅಂದರೆ ನೀರು ಖಾಲಿ ಮಾಡಿದ ದೊಡ್ಡ ಗುಂಡಿ, ಸೇರಿದ ಹಡಗು. ಅದು ಹರಿಹರ ರಸ್ತೆಯ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಬಿಚ್ಚಿಟ್ಟ ಲಾರಿ ಇದ್ದಂತೆ. ಎಂಜಿನ್ ತಣ್ಣಗಿರುತ್ತದೆ. ಕರೆಂಟು ದಡದಿಂದ ಕೇಬಲ್‌ನಲ್ಲಿ ಬರುತ್ತದೆ. ಅರ್ಧ ಜನ ರಜೆಯ ಮೇಲಿರುತ್ತಾರೆ. ನೀರು ನುಗ್ಗದಂತೆ ಮುಚ್ಚಬೇಕಾದ ಬಾಗಿಲುಗಳ ಮಧ್ಯೆ ವೆಲ್ಡಿಂಗ್ ಕೇಬಲ್ಲು, ಗಾಳಿ ಪೈಪು ಹಾದಿರುತ್ತವೆ. ಬಾಗಿಲು ಮುಚ್ಚಿ ಅಂದರೂ ಮುಚ್ಚಲಾಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಮ್ಮ ಫೈರ್ ಪಂಪು ನೀರು ಎಳೆಯುವುದು ಹಡಗಿನ ತಳದ ತೂತಿನಿಂದ, ಸಮುದ್ರದಿಂದಲೇ. ಡ್ರೈಡಾಕ್‌ನಲ್ಲಿ ಆ ತೂತಿನ ಕೆಳಗೆ ಬರೀ ಗಾಳಿ. ಬೆಂಕಿ ಬಿದ್ದರೆ ದಡದ ನೀರಿನ ಪೈಪೇ ಗತಿ. ಅದರ ಒತ್ತಡ ನೋಡಿ ನಾವು ಬೈದುಕೊಳ್ಳದ ದಿನವಿರಲಿಲ್ಲ.

2023ರ ಸೆಪ್ಟೆಂಬರ್ 13ರ ನಸುಕಿನಲ್ಲಿ ರಷ್ಯಾ ಹಿಡಿದಿರುವ ಕ್ರಿಮಿಯಾದ ನೌಕಾನೆಲೆ ಸೆವಾಸ್ತೊಪೋಲ್‌ನ ಡ್ರೈಡಾಕ್‌ಗೆ ಕ್ಷಿಪಣಿ ಬಿದ್ದಾಗ ಮಿನ್ಸ್ಕ್ ಎಂಬ ಲ್ಯಾಂಡಿಂಗ್ ಹಡಗು, ರೊಸ್ತೊವ್-ನಾ-ದೊನು ಎಂಬ ಜಲಾಂತರ್ಗಾಮಿ ಎರಡೂ ಇದೇ ಸ್ಥಿತಿಯಲ್ಲಿದ್ದವು. ನೀರೊಳಗೆ ಅಡಗಿ ಬದುಕಬೇಕಾದ ಜಲಾಂತರ್ಗಾಮಿ ಮರದ ದಿಮ್ಮಿಗಳ ಮೇಲೆ ಬಯಲಲ್ಲಿ ಕೂತಿತ್ತು! ಆಮೇಲಿನ ಫೋಟೋಗಳಲ್ಲಿ ಅದರ ಮೈಯ ದೊಡ್ಡ ತೂತು ಕಂಡಾಗ, ಇದು ಸುಮ್ನೆ ತೇಪೆ ಹಾಕುವ ಕೆಲಸವಲ್ಲ ಅಂತ ನನಗೆ ಅನ್ನಿಸಿತು. ಆಳದ ನೀರಿನ ಒತ್ತಡವನ್ನೆಲ್ಲ ತಡೆಯುವುದು ಆ ಕವಚವೇ. ಬಳಸಿದ್ದು ಬ್ರಿಟನ್-ಫ್ರಾನ್ಸ್ ಮಾಡಿದ ಸ್ಟಾರ್ಮ್ ಶ್ಯಾಡೋ ಕ್ಷಿಪಣಿ. ಅದಕ್ಕೆ ಎರಡು ಹಂತದ ಸಿಡಿತಲೆ: ಮೊದಲನೆಯದು ತೂತು ಕೊರೆಯುತ್ತದೆ, ಎರಡನೆಯದು ಒಳಗೆ ಹೋಗಿ ಸಿಡಿಯುತ್ತದೆ.

ಅಷ್ಟೊಂದು ಕಾವಲು ಇದ್ದೂ ಹೇಗೆ ಅಂದಿರಿ. ಇತ್ತು. ಬರುವ ಕ್ಷಿಪಣಿ, ವಿಮಾನಗಳನ್ನು ಹೊಡೆದುರುಳಿಸುವ, ನಾವೂ ಕೊಂಡಿರುವ ಎಸ್-400 ಇತ್ತು. ಆದರೆ ಆಗಸ್ಟ್‌ನಲ್ಲೇ ಉಕ್ರೇನ್ ಕ್ರಿಮಿಯಾದ ಪಶ್ಚಿಮ ತುದಿಯಲ್ಲಿ ಅಂಥದ್ದೊಂದನ್ನು ಹೊಡೆದಿತ್ತು. ಮೊದಲು ಕಾವಲುಗಾರನ ಕಣ್ಣು, ಆಮೇಲೆ ಮನೆ. ಅದೂ ಅಲ್ಲದೆ ಈ ಕ್ಷಿಪಣಿ ನೆಲಕ್ಕೆ ಅಂಟಿಕೊಂಡಂತೆ ಹಾರುತ್ತದೆ. ರಾಡಾರ್‌ಗೆ ಕಾಣುವಷ್ಟರಲ್ಲಿ ಹತ್ತಿರ ಬಂದಾಗಿರುತ್ತದೆ.

ಪ್ರಶ್ನೆ: ಒಂದು ಹಡಗು ಹೋದರೆ ರಷ್ಯಾ ಬೇರೆ ಕಡೆಯಿಂದ ಇನ್ನೊಂದು ತರಬಹುದಲ್ಲ?
– ಲಾರಿ ಮಾಲೀಕರು, ಹಿರಿಯೂರು

ಉತ್ತರ: ದೊಡ್ಡ ಹಡಗು ತರುವ ದಾರಿಯೇ ಬಂದ್ ಆಗಿದೆ. ಕಪ್ಪುಸಮುದ್ರಕ್ಕೆ ಹೋಗುವ ಜಲಸಂಧಿ ಟರ್ಕಿಯ ಕೈಯಲ್ಲಿದೆ. 1936ರ ಮಾಂತ್ರೋ ಒಪ್ಪಂದದ ಪ್ರಕಾರ 2022ರ ಫೆಬ್ರವರಿ ಕೊನೆಯಲ್ಲೇ ಅದು ಯುದ್ಧನೌಕೆಗಳಿಗೆ ಗೇಟು ಹಾಕಿತು. ಹಾಗಾಗಿ ಹೋದದ್ದು ಹೋಯಿತು.

ಪ್ರಶ್ನೆ: ಇದಕ್ಕೂ ನಮ್ಮ ಸೂರ್ಯಕಾಂತಿ ಎಣ್ಣೆಯ ರೇಟಿಗೂ ಏನಾದರೂ ಸಂಬಂಧ ಇದೆಯಾ ಸರ್?
– ಎಣ್ಣೆ ಮಿಲ್ಲಿನ ಗುಮಾಸ್ತರು, ಚಳ್ಳಕೆರೆ

ಉತ್ತರ: ಚಳ್ಳಕೆರೆಯವರು ಕೇಳದೆ ಇನ್ಯಾರು ಕೇಳಬೇಕು! ಇದೆ. 2022ರಲ್ಲಿ ನಮಗೆ ಸೂರ್ಯಕಾಂತಿ ಎಣ್ಣೆ ಕಳಿಸುತ್ತಿದ್ದ ಉಕ್ರೇನಿನ ಬಂದರುಗಳು ಮುಚ್ಚಿದಾಗ ನಮ್ಮಲ್ಲಿ ಎಣ್ಣೆ ರೇಟು ಹೇಗೆ ಹಾರಿತು ಅಂತ ನಿಮ್ಮ ಲೆಕ್ಕದ ಪುಸ್ತಕವೇ ಹೇಳುತ್ತದೆ. 2023ರ ಜುಲೈನಲ್ಲಿ ರಷ್ಯಾ ಧಾನ್ಯ ಸಾಗಣೆಯ ಒಪ್ಪಂದದಿಂದ ಹೊರಬಂತು. ಆದರೂ ಆಗಸ್ಟ್‌ನಿಂದ ಸರಕು ಹಡಗುಗಳು ರುಮೇನಿಯಾ, ಬಲ್ಗೇರಿಯಾ ದಡ ಹಿಡಿದು ಒಡೆಸ್ಸಾಕ್ಕೆ ಓಡಾಡತೊಡಗಿದವು. ತಡೆಯಬೇಕಾದ ರಷ್ಯಾದ ನೌಕೆಗಳು ಸೆವಾಸ್ತೊಪೋಲ್‌ನಲ್ಲಿ ನಿಲ್ಲಲಾರದೆ ಪೂರ್ವದ ನೊವೊರೊಸಿಸ್ಕ್‌ಗೆ ಸರಿಯುತ್ತಿದ್ದವು. ತನ್ನದೇ ದೊಡ್ಡ ನೌಕಾಪಡೆ ಇಲ್ಲದ ದೇಶ ಸಮುದ್ರದ ದಾರಿ ತೆರೆಸಿದ್ದು ಹೀಗೆ. ನನ್ನ ಪ್ರಕಾರ ಮುಳುಗಿದ ಹಡಗುಗಳ ಲೆಕ್ಕಕ್ಕಿಂತ ಇದೇ ದೊಡ್ಡದು. ಹಾಗಂತ ಎಲ್ಲ ಏರಿಕೆಯನ್ನೂ ಯುದ್ಧದ ತಲೆಗೆ ಕಟ್ಟಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಆಮದು ಸುಂಕ ಏರಿಸಿದ್ದು ನಮ್ಮ ಸರ್ಕಾರವೇ.

ಪ್ರಶ್ನೆ: ನಮ್ಮವರೂ ಇಂಥ ದಾಳಿ ಮಾಡಿದ್ದಾರಾ?
– ಎಂಟನೇ ಕ್ಲಾಸ್ ಹುಡುಗ, ಚಿತ್ರದುರ್ಗ

ಉತ್ತರ: ಹೆಚ್ಚುಕಡಿಮೆ ಇಂಥದ್ದೇ. 1971ರ ಡಿಸೆಂಬರ್ 4ರ ರಾತ್ರಿ ನಮ್ಮ ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿ ಹತ್ತಿರ ಹೋಗಿ ಖೈಬರ್ ಎಂಬ ಯುದ್ಧನೌಕೆಯನ್ನು ಮುಳುಗಿಸಿದವು. ಬಂದರಿನ ಎಣ್ಣೆ ಟ್ಯಾಂಕುಗಳಿಗೂ ಬೆಂಕಿ ಬಿತ್ತು. ಅದಕ್ಕೇ ಆ ದಿನ ನೌಕಾಪಡೆ ದಿನ. ದೋಣಿ, ಕ್ಷಿಪಣಿ ಎರಡೂ ಸೋವಿಯತ್ ಮಾಲು. ಅಂಥದ್ದೇ ಒಂದು ದೋಣಿ, ಚಪಲ್, ಕಾರವಾರದ ಟ್ಯಾಗೋರ್ ಕಡಲತೀರದಲ್ಲಿದೆ. ಸ್ಕೂಲ್ ಟ್ರಿಪ್ ಆ ಕಡೆ ಹೋದರೆ ಮೇಷ್ಟ್ರಿಗೆ ಹೇಳಿ ಅಲ್ಲಿ ಇಳಿ. ಡೆಕ್ ಮೇಲೆ ಎರಡೂ ಬದಿಗೆ ಕ್ಷಿಪಣಿ ಇಡುವ ದೊಡ್ಡ ಕೊಳವೆಗಳಿವೆ. ಅಷ್ಟು ಚಿಕ್ಕ ದೋಣಿಯ ಮೇಲೆ ಅಷ್ಟು ದೊಡ್ಡ ಕೊಳವೆ ಹೇಗೆ ಕೂರಿಸಿದರು ಅಂತ ನೋಡಿಕೊಂಡು ಬಾ, ಮತ್ತೆ ಪತ್ರ ಬರೆ.